ಹಿತ್ತಿಲಿಂದ ಕಾವಲಿಗೆ

ಮೇ ತಿಂಗಳ ಕೊನೆಯ ದಿನಗಳು. ಪುತ್ತೂರು, ಸುಳ್ಯ ಕಡೆಯ ತೋಟದ ಮನೆಗಳ ಜಗಲಿಯಲ್ಲಿ ಹಳೇ ಪೇಪರು, ಗೋಣಿ ಹಾಸಿಕೊಂಡು ಹಲಸು ಕೊಯ್ಯುವ ಕೆಲಸ ಸಾಗಿರುತ್ತದೆ. ಒಬ್ಬರು ಕತ್ತಿಗೆ ತೆಂಗಿನೆಣ್ಣೆ ಸವರಿ ಸೀಳುತ್ತಾರೆ. ಇನ್ನೊಬ್ಬರು ಒಸರುವ ಮೇಣವನ್ನು ಕಡ್ಡಿಗೆ ಸುತ್ತಿ ತೆಗೆಯುತ್ತಾರೆ. ಮಕ್ಕಳು ಸೊಳೆ ಬಿಡಿಸುವ ನೆಪದಲ್ಲಿ ಬಿಡಿಸಿದ್ದಕ್ಕಿಂತ ಹೆಚ್ಚು ತಿನ್ನುತ್ತಾರೆ. ಹಪ್ಪಳಕ್ಕೆ, ಚಿಪ್ಸಿಗೆ, ಪಲ್ಯಕ್ಕೆ, ಹಬೆಯಲ್ಲಿ ಬೇಯಿಸುವ ಗಟ್ಟಿಗೆ ಎಂದು ಪಾಲು ಹಾಕಿದ ಮೇಲೂ ಒಂದು ಪಾತ್ರೆ ಸೊಳೆ ಉಳಿದೇ ಉಳಿಯುತ್ತದೆ. ಅಷ್ಟು ಹೊತ್ತಿಗೆ ಒಳಗೆ ಎರಡು ಕುಡ್ತೆ ಅಕ್ಕಿ ನೆನೆ ಹಾಕಿ ಆಗಿರುತ್ತದೆ. ಮರುದಿನ ಬೆಳಿಗ್ಗೆ ಹಲಸಿನ ದೋಸೆ.

ದೋಸೆ ಎಂದರೆ ಮಸಾಲೆ, ಸೆಟ್, ಬೆಣ್ಣೆ, ಖಾಲಿ ಎಂದು ಎಣಿಸುವವರಿಗೆ ಕರಾವಳಿ, ಮಲೆನಾಡಿನ ಈ ಇನ್ನೊಂದು ಲೋಕ ಅರ್ಧ ಮಾತ್ರ ಗೊತ್ತು. ನೀರು ದೋಸೆಯನ್ನು ಎಲ್ಲರೂ ತಿಂದಿದ್ದಾರೆ. ಅದರ ಬೆನ್ನಿಗೆ ಸೌತೆಕಾಯಿ ದೋಸೆ, ಕಲ್ಲಂಗಡಿ ಸಿಪ್ಪೆ ದೋಸೆ, ಹೀರೇಕಾಯಿ ದೋಸೆ, ಕೆಸುವಿನ ಎಲೆ ದೋಸೆ, ಗೆಣಸಿನ ದೋಸೆ, ಬಾಳೆಹಣ್ಣಿನ ದೋಸೆ ಎಂದು ಒಂದು ದೊಡ್ಡ ಬಳಗವೇ ಇದೆ. ಹಿತ್ತಿಲಿನಲ್ಲಿ ಏನು ಬಂತೋ ಅದು ಅಕ್ಕಿಯ ಜೊತೆ ಅರೆಯುವ ಕಲ್ಲಿಗೆ ಬೀಳುತ್ತದೆ.

ಮನೆಯಲ್ಲಿ ಹೊಸ ರುಚಿ ಬೇಕೆಂದಾಗ ಈಗ ನಮ್ಮ ಕೈ ಚೀಸ್, ಸೆಜ್ವಾನ್ ಚಟ್ನಿಯ ಡಬ್ಬಿಯ ಕಡೆಗೆ ಹೋಗುತ್ತದೆ. ಅವು ದೋಸೆಯ ಮೇಲೆ ಬಂದು ಕೂರುತ್ತವೆ, ಅಷ್ಟೇ. ಕರಾವಳಿಯ ಅಡುಗೆಮನೆಯಲ್ಲಿ ಆಯಾ ಕಾಲದ ಕಾಯಿ, ಹಣ್ಣು, ಸೊಪ್ಪು ಹಿಟ್ಟಿನ ಒಳಗೇ ಸೇರುತ್ತದೆ. ಉದ್ದು ಮಾಡುವ ಕೆಲಸವನ್ನೂ ನೀರು ಮಾಡುವ ಕೆಲಸವನ್ನೂ ಅದೇ ವಹಿಸಿಕೊಳ್ಳುತ್ತದೆ. ಹಾಗಾಗಿ ತಿಂಗಳು ಬದಲಾದಂತೆ ಅಕ್ಕಿಯ ಅಳತೆ, ಉರಿಯ ಹದ, ಬೇಯುವ ಹೊತ್ತು ಎಲ್ಲವೂ ಬದಲಾಗುತ್ತವೆ. ಈ ದೋಸೆಗಳ ನಿಜವಾದ ಜಾಣ್ಮೆ ಇರುವುದು ಇಲ್ಲಿ.

ಉದ್ದಿನ ಕೆಲಸ ಯಾರು ಮಾಡುತ್ತಾರೆ?

ಹೋಟೆಲ್ ದೋಸೆಯ ಬೆನ್ನೆಲುಬು ಉದ್ದು. ಅರೆದ ಉದ್ದಿನಲ್ಲಿ ಲೋಳೆಯಂಥ ಅಂಶವಿದೆ. ರಾತ್ರಿಯಿಡೀ ಇಟ್ಟ ಹಿಟ್ಟಿನಲ್ಲಿ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಮೊದಲಾದ ಬ್ಯಾಕ್ಟೀರಿಯಾಗಳು ಸಕ್ಕರೆಯ ಅಂಶವನ್ನು ತಿಂದು ಆಮ್ಲವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತವೆ. ಆಮ್ಲದಿಂದ ಹುಳಿ. ಅನಿಲ ಲೋಳೆಯಲ್ಲಿ ಸಿಕ್ಕಿಕೊಂಡು ಹಿಟ್ಟು ಉಬ್ಬುತ್ತದೆ. ಕಾವಲಿಯ ಮೇಲೆ ಕಾಣುವ ತೂತುಗಳು ಆ ಅನಿಲದ ಗುರುತು.

ದೋಸೆಯ ಹಳೆಯ ದಾಖಲೆಗಳು ನಮ್ಮ ನೆಲದಲ್ಲೇ ಸಿಗುತ್ತವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ‘ಧೋಸಕ’ ಬರುತ್ತದೆ. ಅದು ಬೇಳೆಕಾಳುಗಳಿಂದಲೇ ಆದ ತಿಂಡಿ, ಅದರಲ್ಲಿ ಅಕ್ಕಿ ಇಲ್ಲ. ಕರಾವಳಿಯ ನೀರು ದೋಸೆ ಇದಕ್ಕೆ ತಿರುಗುಮುರುಗು: ಬರೀ ಅಕ್ಕಿ, ಬೇಳೆಯ ಸೋಂಕಿಲ್ಲ.

ಹಾಗಾದರೆ ಉದ್ದಿಲ್ಲದ ಹಿಟ್ಟು ಒಂದಕ್ಕೊಂದು ಅಂಟಿ ನಿಲ್ಲುವುದು ಹೇಗೆ? ಅಕ್ಕಿಯಲ್ಲಿ ಗೋಧಿಯಲ್ಲಿರುವಂಥ ಅಂಟು, ಅಂದರೆ ಗ್ಲುಟೆನ್, ಇಲ್ಲ. ಅಲ್ಲಿ ನೆರವಾಗುವುದು ಪಿಷ್ಟ. ನುಣ್ಣಗೆ ಅರೆದ ಅಕ್ಕಿಯ ಕಣಗಳು 70 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ನೀರು ಕುಡಿದು ಉಬ್ಬಿ, ಒಡೆದು, ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ನೀರು ಹೇರಳವಾಗಿರಬೇಕು, ಕಾವಲಿ ಚೆನ್ನಾಗಿ ಕಾದಿರಬೇಕು. ಸುರಿದ ಕ್ಷಣವೇ ಹೆಚ್ಚಿನ ನೀರು ಆವಿಯಾಗಿ ಮೇಲೇಳುತ್ತದೆ, ಅದು ಹೊರಟ ದಾರಿಯೆಲ್ಲ ತೂತು. ಬೆಳ್ತಿಗೆ ಅಕ್ಕಿಯನ್ನು ಎರಡು ಮೂರು ಗಂಟೆ ನೆನೆಸಿ, ತರಿ ಕೈಗೆ ಸಿಗದಂತೆ ಅರೆದು, ಸೌಟಿಗೆ ಅಂಟದೆ ಹರಿಯುವಷ್ಟು ತೆಳ್ಳಗೆ ಮಾಡುವುದು ಇದಕ್ಕೇ. ಅಕ್ಕಿ ತಳಕ್ಕೆ ಇಳಿಯುವುದರಿಂದ ಪ್ರತಿ ದೋಸೆಗೂ ಮುನ್ನ ಹಿಟ್ಟನ್ನು ಕಲಕಬೇಕು. ಸೌಟಿನಿಂದ ತಿಕ್ಕಿ ಹರಡುವ ಹಾಗಿಲ್ಲ, ಸುರಿದು ಕಾವಲಿಯನ್ನೇ ಓಲಾಡಿಸಬೇಕು. ಮುಚ್ಚಿ ಬೇಯಿಸಿದರೆ ಮೇಲ್ಭಾಗ ಹಬೆಯಲ್ಲೇ ಬೇಯುತ್ತದೆ, ಮಗುಚುವ ಮಾತಿಲ್ಲ.

ಕೊಂಕಣಿಯವರ ಮನೆಯಲ್ಲಿ ಈ ನೀರು ದೋಸೆಯೇ ಪಾನ್ ಪೊಳೊ. ಉತ್ತರ ಕನ್ನಡದ ಹವ್ಯಕರ ಮನೆಯಲ್ಲಿ ತೆಳ್ಳೇವು.

ಈ ಬರಿಯ ಅಕ್ಕಿ ದೋಸೆಗೆ ಒಂದು ಕೊರತೆಯುಂಟು. ಆರಿದರೆ ಬಿರುಸಾಗುತ್ತದೆ. ಅದಕ್ಕೇ ಕೆಲವರು ಅರೆಯುವಾಗ ಒಂದು ಹಿಡಿ ತೆಂಗಿನತುರಿ ಸೇರಿಸುತ್ತಾರೆ. ತೆಂಗಿನ ಬದಲಿಗೆ ಸೌತೆಕಾಯಿಯೋ ಕಲ್ಲಂಗಡಿಯ ಬಿಳಿ ಭಾಗವೋ ಸೇರಿದರೆ ಅದರ ನಾರು, ಪೆಕ್ಟಿನ್ ಎಲ್ಲ ನೀರನ್ನು ಹಿಡಿದಿಟ್ಟುಕೊಂಡು ದೋಸೆಯನ್ನು ಮಧ್ಯಾಹ್ನದವರೆಗೂ ಮೆತ್ತಗೆ ಇಡುತ್ತವೆ. ಋತುವಿನ ದೋಸೆಗಳ ಬಾಗಿಲು ತೆರೆಯುವುದು ಇಲ್ಲಿಂದಲೇ.

ಆಟಿಯ ಸೌತೆ, ಹಿತ್ತಿಲ ಸೊಪ್ಪು

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುವರ ಆಟಿ ತಿಂಗಳು. ಹಿಂದೆ ಇದು ಕಷ್ಟದ ತಿಂಗಳು. ಬಿಡದ ಮಳೆಯಲ್ಲಿ ಹೊರಗಿನ ಕೆಲಸವಿಲ್ಲ, ಪೇಟೆಗೆ ಹೋಗುವಂತಿಲ್ಲ, ಕಣಜದ ಅಕ್ಕಿ ತಳ ಕಾಣುತ್ತಿರುತ್ತಿತ್ತು. ಇರುವ ಅಕ್ಕಿಯನ್ನು ಹಿಗ್ಗಿಸಲು ಹಿತ್ತಿಲನ್ನೇ ನಂಬಬೇಕು. ಇಂದು ಹೋಟೆಲುಗಳೂ ಸಂಘಗಳೂ ಹಬ್ಬದಂತೆ ಬಡಿಸುವ ಆಟಿಯ ಅಡುಗೆಗಳೆಲ್ಲ ಹುಟ್ಟಿದ್ದು ಆ ಕೊರತೆಯಲ್ಲಿ. ಮಳೆಯ ತಂಪಿಗೆ ಉದ್ದಿನ ಹಿಟ್ಟು ಹುಳಿ ಬರುವುದೂ ತಡ. ಹುದುಗು ಬೇಡದ ದೋಸೆ ಆ ಹವೆಗೂ ಒಗ್ಗಿತು.

ಚಪ್ಪರದ ಮುಳ್ಳುಸೌತೆ ಈ ಕಾಲದ ರಾಜ. ಎಳೆಯದು ಹಾಗೇ ತಿನ್ನಲು, ಬಲಿತದ್ದು ದೋಸೆಗೆ. ಸಿಪ್ಪೆ ಹೆರೆದು, ತಿರುಳಿನ ಬೀಜ ತೆಗೆದು, ತುರಿದು, ನೆನೆದ ಅಕ್ಕಿಯೊಂದಿಗೆ ಅರೆಯುತ್ತಾರೆ. ಒಂದೂವರೆ ಲೋಟ ಅಕ್ಕಿಗೆ ಎರಡು ಲೋಟ ತುರಿ ಎಂದರೆ ಒಳ್ಳೆಯ ಹದ. ಸೌತೆಕಾಯಿಯ ನೂರು ಪಾಲಿನಲ್ಲಿ 95 ಪಾಲು ನೀರೇ ಆದ್ದರಿಂದ ಬೇರೆ ನೀರು ಹಾಕುವ ಮೊದಲು ಒಮ್ಮೆ ಅರೆದು ನೋಡಬೇಕು. ಹೆಚ್ಚಿನ ಸಲ ಬೇಕಾಗುವುದೇ ಇಲ್ಲ. ಉಪ್ಪು, ಹಸಿಮೆಣಸು ಹಾಕಿದರೆ ಖಾರದ್ದು. ಬೆಲ್ಲ, ತೆಂಗು ಹಾಕಿದರೆ ಕೊಂಕಣಿಯವರ ಸಿಹಿ ತವ್ಸೆ ಪೊಳೊ, ಮೇಲೊಂದು ತುಂಡು ಬೆಣ್ಣೆ.

ಅರೆಯುವ ಮೊದಲು ಒಂದು ಚೂರು ಬಾಯಿಗೆ ಹಾಕಿಕೊಳ್ಳುವುದನ್ನು ಮಾತ್ರ ಮರೆಯುವಂತಿಲ್ಲ. ಸೌತೆಯ ಕಹಿಗೆ ಕುಕುರ್ಬಿಟಾಸಿನ್ ಎಂಬ ರಾಸಾಯನಿಕ ಕಾರಣ. ನೀರು ಸಾಲದೆ, ಬಿಸಿಲಿಗೆ ಬಳಲಿದ ಬಳ್ಳಿಯಲ್ಲಿ ಅದು ಹೆಚ್ಚು, ಕಾಯಿಯ ತೊಟ್ಟಿನ ಕಡೆ ಇನ್ನೂ ಹೆಚ್ಚು. ಬೇಯಿಸಿದರೆ ಈ ಕಹಿ ಹೋಗುವುದಿಲ್ಲ. ಒಂದು ಕಹಿಕಾಯಿ ಇಡೀ ಪಾತ್ರೆಯ ಹಿಟ್ಟನ್ನು ಕೆಡಿಸುತ್ತದೆ. ತೊಟ್ಟಿನ ಕಡೆ ಎರಡು ಬೆರಳು ಕತ್ತರಿಸಿ ಬಿಸಾಡಿ, ಉಳಿದದ್ದರ ರುಚಿ ನೋಡುವ ರೂಢಿಗೆ ಹಾಗಾಗಿ ಅರ್ಥವಿದೆ.

ಮಳೆ ಬಿದ್ದು ವಾರವೆರಡು ಕಳೆದರೆ ರಸ್ತೆ ಬದಿಯಲ್ಲೆಲ್ಲ ತಗಟೆ ಸೊಪ್ಪು. ತುಳುವಿನಲ್ಲಿ ತಜಂಕ್, ಕೊಂಕಣಿಯಲ್ಲಿ ತಾಯ್ಕಿಳೊ. ಎಳೆ ಕುಡಿಗಳನ್ನು ಸಣ್ಣಗೆ ಹೆಚ್ಚಿ ಮಸಾಲೆ ಹಾಕಿ ಅರೆದ ಅಕ್ಕಿ ಹಿಟ್ಟಿಗೆ ಸೇರಿಸಿ ದೋಸೆ ಹೊಯ್ಯುತ್ತಾರೆ. ಹಾಗೆಯೇ ಕೆಸುವಿನ ಎಲೆ. ಪತ್ರೊಡೆ ಎಲ್ಲರಿಗೂ ಗೊತ್ತು. ಎಲೆಗೆ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಲು ಬಿಡುವಿಲ್ಲದ ದಿನ ಅದೇ ಹಿಟ್ಟಿಗೆ ಹೆಚ್ಚಿದ ಎಲೆ ಕಲಸಿ ಕಾವಲಿಗೆ ಹಾಕಿದರೆ ಪತ್ರೊಡೆಯ ರುಚಿಯ ದೋಸೆ. ಕೆಸುವಿನಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಬಾಯಿ ಗಂಟಲು ತುರಿಸುವುದು ಅವುಗಳಿಂದಲೇ. ಹಾಗಾಗಿ ಹುಣಸೆಹುಳಿ ಧಾರಾಳವಾಗಿ ಬೀಳಬೇಕು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎರಡೂ ಬದಿ ಚೆನ್ನಾಗಿ ಬೇಯಬೇಕು. ಮಳೆಗಾಲದಲ್ಲಿ ಮರದ ಕವಲುಗಳಲ್ಲಿ ಚಿಗುರುವ ಮರಕೆಸು ಸಿಕ್ಕಿದರೆ ಮಲೆನಾಡಿನವರು ನೆಲದ ಕೆಸುವಿನ ಕಡೆ ನೋಡುವುದಿಲ್ಲ.

ಈ ಬಳಗದಲ್ಲಿ ಎಲ್ಲಕ್ಕಿಂತ ಜಾಣತನದ್ದು ಹೀರೇಕಾಯಿ ದೋಸೆ. ನೆನೆದ ಅಕ್ಕಿಗೆ ಒಣಮೆಣಸು, ಕೊತ್ತಂಬರಿ ಬೀಜ, ಹುಣಸೆ, ಚೂರು ಬೆಲ್ಲ, ಅರಿಶಿನ, ತೆಂಗು ಸೇರಿಸಿ ಗಟ್ಟಿಯಾಗಿ ಅರೆಯುತ್ತಾರೆ. ಹೀರೇಕಾಯಿಯನ್ನು ತೆಳ್ಳಗೆ ಬಿಲ್ಲೆಗಳಾಗಿ ಹೆಚ್ಚುತ್ತಾರೆ. ಒಂದೊಂದೇ ಬಿಲ್ಲೆಯನ್ನು ಹಿಟ್ಟಿನಲ್ಲಿ ಅದ್ದಿ ಕಾವಲಿಯ ಮೇಲೆ ಒಂದರ ಪಕ್ಕ ಒಂದು ಒತ್ತಾಗಿ ಜೋಡಿಸುತ್ತ ಹೋಗುತ್ತಾರೆ. ನಡುವೆ ಉಳಿದ ಸಂದಿಗಳಿಗೆ ಬೆರಳ ತುದಿಯಿಂದ ಹಿಟ್ಟು ಸವರುತ್ತಾರೆ. ಬೆಂದಾಗ ಎಲ್ಲ ಬಿಲ್ಲೆಗಳೂ ಹತ್ತಿಕೊಂಡು ಒಂದೇ ದೋಸೆಯಾಗಿ ಏಳುತ್ತದೆ. ಮೇಲೆ ಗರಿ, ಒಳಗೆ ನೀರೊಡೆಯುವ ಹೀರೆ. ಇಲ್ಲಿ ಹಿಟ್ಟು ಬರೀ ಗಾರೆ, ಗೋಡೆ ಕಟ್ಟಿದ್ದು ತರಕಾರಿ. ಹೆರೆದ ಸಿಪ್ಪೆ ಚಟ್ನಿಗೆ ಹೋಗುತ್ತದೆ, ಆ ಚಟ್ನಿ ಇದೇ ದೋಸೆಯ ಜೊತೆಗೆ ಬರುತ್ತದೆ.

ಆಲೆಮನೆಯ ಕಾಗದ

ಚಳಿಗಾಲಕ್ಕೆ ಗೆಣಸಿದೆ, ಸಿಹಿಗುಂಬಳವಿದೆ. ಬೇಯಿಸಿ ಹಿಸುಕಿ ಅಕ್ಕಿ ಹಿಟ್ಟಿಗೆ ಬೆರೆಸಿದರೆ ಬಣ್ಣದ, ಮೆತ್ತನೆಯ ದೋಸೆ. ಬೆಂಗಳೂರು, ಕೋಲಾರ, ರಾಮನಗರದ ಕಡೆ ಈ ಕಾಲ ಅವರೆಯದು. ಬೆಂಗಳೂರಿನ ಅವರೆ ಮೇಳಕ್ಕೆ ಹೋದವರಿಗೆ ಅವರೆಕಾಳು ದೋಸೆಯ ಕಾವಲಿಯ ಮುಂದಿನ ಸಾಲು ಗೊತ್ತೇ ಇರುತ್ತದೆ. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಸಿಪ್ಪೆಯಿಂದ ಜಾರಿಸಿದ ಹಿತಕಿದ ಬೇಳೆ, ಬೇಯಿಸಿ ದೋಸೆಯ ಮೇಲೆ. ಇಲ್ಲಿ ಕಾಳು ಅರೆಯುವ ಕಲ್ಲಿಗೆ ಹೋಗದೆ ಇಡಿಯಾಗಿ ಉಳಿಯುತ್ತದೆ. ಅವರೆಯ ಸೊಗಡು ಹಲ್ಲಿಗೆ ಸಿಕ್ಕಾಗಲೇ ಚೆನ್ನ.

ಆದರೆ ಚಳಿಗಾಲದ ನಿಜವಾದ ಕೈಚಳಕ ನೋಡಬೇಕಾದರೆ ಶಿರಸಿ, ಸಿದ್ದಾಪುರ, ಸಾಗರದ ಕಡೆ ಹೋಗಬೇಕು. ಅಲ್ಲಿ ಕಬ್ಬು ಅರೆಯುವ ಆಲೆಮನೆಯ ದಿನಗಳಲ್ಲಿ ತೊಡೆದೇವು ಆಗುತ್ತದೆ. ದೋಸೆಯ ಕುಲದಲ್ಲಿ ಇದಕ್ಕಿಂತ ತೆಳ್ಳಗಿನದು ಕರ್ನಾಟಕದಲ್ಲಿ ಇನ್ನೊಂದಿಲ್ಲ ಎನ್ನಬಹುದು.

ಇದಕ್ಕೆ ಕಾವಲಿ ಇಲ್ಲ. ನುಣುಪಾದ ಹೊಟ್ಟೆಯ ಮಣ್ಣಿನ ಗಡಿಗೆಯೊಂದನ್ನು ಬೆಂಕಿಯ ಮೇಲೆ ಬೋರಲು ಹಾಕುತ್ತಾರೆ. ನುಣ್ಣಗೆ ಅರೆದ ಅಕ್ಕಿಗೆ ಕಬ್ಬಿನಹಾಲು ಅಥವಾ ಜೋನಿಬೆಲ್ಲ ಬೆರೆಸಿದ ತೆಳು ಹಿಟ್ಟು ಪಕ್ಕದಲ್ಲಿರುತ್ತದೆ. ಕೋಲಿಗೆ ಕಟ್ಟಿದ ಬಟ್ಟೆಯನ್ನು ಆ ಹಿಟ್ಟಿನಲ್ಲಿ ಅದ್ದಿ, ಕಾದ ಗಡಿಗೆಯ ಬೆನ್ನ ಮೇಲೆ ಒಂದೇ ಎಳೆತಕ್ಕೆ ತೊಡೆಯಬೇಕು. ಕೈ ನಡುವೆ ನಿಂತರೆ ಅಲ್ಲಿ ದಪ್ಪವಾಗಿ ಕಲೆ ನಿಲ್ಲುತ್ತದೆ. ಕೆಲವೇ ಕ್ಷಣದಲ್ಲಿ ಅಂಚು ಬಿಡುತ್ತದೆ. ಆ ಅಂಚನ್ನು ಎತ್ತಿ ಹಿಡಿದು ಹಾಳೆಯನ್ನು ಸುಲಿದು, ಬಿಸಿ ಇರುವಾಗಲೇ ಮಡಚಿ ಮುಗಿಸಬೇಕು. ಸ್ವಲ್ಪ ತಡವಾದರೂ ಮಡಚುವ ಬದಲು ಮುರಿಯುತ್ತದೆ.

ಯಾಕೆ ಹೀಗೆ? ಬಿಸಿಯಲ್ಲಿ ಬೆಲ್ಲದ ಸಕ್ಕರೆ ಮೆತ್ತಗಿರುತ್ತದೆ, ಹಾಳೆ ಬಾಗುತ್ತದೆ. ಆರುತ್ತಿದ್ದಂತೆ ಅದು ಗಾಜಿನ ಹಾಗೆ ಗಟ್ಟಿಯಾಗುತ್ತದೆ. ನೀರೆಲ್ಲ ಗಡಿಗೆಯ ಮೇಲೆಯೇ ಆವಿಯಾಗಿ ಹೋಗಿರುವುದರಿಂದ ಗರಿಗರಿಯಾಗಿಯೇ ಉಳಿಯುತ್ತದೆ. ತೇವ ತಾಗದ ಡಬ್ಬಿಯಲ್ಲಿಟ್ಟರೆ ಬಹಳ ದಿನ ಕೆಡುವುದಿಲ್ಲ. ತಿನ್ನುವಾಗ ಕಾಯಿಸಿದ ಹಾಲೋ ತುಪ್ಪವೋ ಜೊತೆಗಿದ್ದರೆ ಸಾಕು. ಕಬ್ಬಿನಹಾಲನ್ನು ಹಾಗೇ ಇಟ್ಟರೆ ಗಂಟೆಗಳಲ್ಲಿ ಹುಳಿಯುತ್ತದೆ. ಅದನ್ನು ತಿಂಗಳುಗಟ್ಟಲೆ ಕಾಪಿಡುವ ದಾರಿಗಳಲ್ಲಿ ಬೆಲ್ಲ ಒಂದಾದರೆ ತೊಡೆದೇವು ಇನ್ನೊಂದು.

ಇದರ ಹತ್ತಿರದ ನೆಂಟ ಆಂಧ್ರದ ಗೋದಾವರಿ ಸೀಮೆಯ ಆತ್ರೇಯಪುರದಲ್ಲಿದೆ. ಅಲ್ಲಿನ ಪೂತರೇಕುಲು ಮಾಡುವವರೂ ಗಡಿಗೆಯನ್ನು ಬೋರಲು ಹಾಕಿ, ಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಎಳೆಯುತ್ತಾರೆ. ವ್ಯತ್ಯಾಸ ಒಂದೇ: ಅಲ್ಲಿ ಹಾಳೆ ಬರೀ ಅಕ್ಕಿಯದು, ಸಿಹಿ ಮತ್ತು ತುಪ್ಪ ಆಮೇಲೆ ಮಡಿಕೆಯ ಒಳಗೆ ಸೇರುತ್ತವೆ. ಆತ್ರೇಯಪುರದ ಪೂತರೇಕುಲುಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ನಮ್ಮ ತೊಡೆದೇವು ಅಂಥದೇ ಗೌರವಕ್ಕೆ ತಕ್ಕ ಕಸುಬು.

ಬಿಸಾಡುವ ಸಿಪ್ಪೆಯ ಬೇಸಿಗೆ

ಮಾರ್ಚ್ ಬಂತೆಂದರೆ ಬೀದಿ ಬದಿಯಲ್ಲಿ ಕಲ್ಲಂಗಡಿಯ ರಾಶಿ. ಕರಾವಳಿಯಲ್ಲಿ ಅದು ಬಚ್ಚಂಗಾಯಿ. ಕೆಂಪು ತಿರುಳು ತಿಂದ ಮೇಲೆ ಹಸಿರು ಸಿಪ್ಪೆಗೂ ಕೆಂಪಿಗೂ ನಡುವೆ ಬೆರಳು ದಪ್ಪದ ಬಿಳಿ ಭಾಗ ಉಳಿಯುತ್ತದೆ. ಬಹುತೇಕ ಮನೆಗಳಲ್ಲಿ ಅದು ಕಸದ ಬುಟ್ಟಿಗೋ ದನದ ಬಾಯಿಗೋ ಹೋಗುತ್ತದೆ. ಅದರ ರುಚಿ ಸಪ್ಪೆ, ಹೆಚ್ಚುಕಡಿಮೆ ಸೌತೆಕಾಯಿಯದೇ. ಎರಡೂ ಒಂದೇ ಕುಟುಂಬದ ಬಳ್ಳಿಗಳಲ್ಲವೇ? ಸೌತೆಯ ಲೆಕ್ಕವೇ ಇದಕ್ಕೂ ಸಾಕು: ಒಂದೂವರೆ ಲೋಟ ಅಕ್ಕಿಗೆ ಎರಡು ಲೋಟ ಹೆಚ್ಚಿದ ಬಿಳಿ ಭಾಗ. ಗಟ್ಟಿ ಹಸಿರು ಹೊರಪದರವನ್ನು ಮಾತ್ರ ಹೆರೆದು ತೆಗೆಯಬೇಕು. ಅಂಚಿಗೆ ಚೂರು ಕೆಂಪು ಉಳಿದಿದ್ದರೆ ದೋಸೆಗೆ ಎಳೆಗೆಂಪು ಬಣ್ಣವೂ ಸಣ್ಣ ಸಿಹಿಯೂ ಬರುತ್ತದೆ. ಒಮ್ಮೆ ತಿಂದವರು ಮತ್ತೆ ಆ ಸಿಪ್ಪೆಯನ್ನು ಬಿಸಾಡಲಾರರು.

ಹೊರಗಿನವರು ಮಂಗಳೂರು ಸೌತೆ ಎನ್ನುವ, ಉತ್ತರ ಕನ್ನಡದವರು ಮೊಗೇಕಾಯಿ ಎನ್ನುವ ಹಳದಿ ಕಾಯಿಯೂ ಬೇಸಿಗೆಯ ಬೆಳೆ. ಗದ್ದೆಯಲ್ಲಿ ಭತ್ತದ ಕೊಯ್ಲಾದ ಮೇಲೆ ಬೆಳೆದು, ಒಂದೊಂದನ್ನೂ ಬಾಳೆ ನಾರಿನಲ್ಲಿ ಕಟ್ಟಿ ಮಾಡಿನ ಅಡಿಯಲ್ಲಿ ತೂಗುಹಾಕುತ್ತಾರೆ. ಗಾಳಿಯಾಡುವಂತೆ, ಒಂದಕ್ಕೊಂದು ತಾಗದಂತೆ ತೂಗಿದ ಕಾಯಿ ಮಳೆಗಾಲದವರೆಗೂ ಬರುತ್ತದೆ. ಸಾಂಬಾರಿಗೆ ಹೆಚ್ಚಿ ಉಳಿದದ್ದು ಮೊಗೇಕಾಯಿ ತೆಳ್ಳೇವಿಗೆ.

ಎಳನೀರು ಕುಡಿದ ಮೇಲಿನ ಗಂಜಿಯನ್ನೂ ಅಕ್ಕಿಯ ಜೊತೆ ಅರೆದರೆ ಸೊಗಸಾದ ಬಿಳಿ ದೋಸೆ.

ಕಾಯಿಗೊಂದು ಉರಿ, ಹಣ್ಣಿಗೊಂದು ಉರಿ

ಹಲಸಿಗೆ ಬರೋಣ. ಒಂದೇ ಮರದ ಒಂದೇ ಫಲ ಎರಡು ಹಂತದಲ್ಲಿ ಎರಡು ಬೇರೆಯೇ ದೋಸೆ ಕೊಡುತ್ತದೆ. ಈ ಇಡೀ ಅಡುಗೆಯ ಒಳಗುಟ್ಟು ಅರಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಬಲಿತ ಆದರೆ ಹಣ್ಣಾಗದ ಕಾಯಿಯ ಸೊಳೆಯಲ್ಲಿ ಪಿಷ್ಟ ಹೆಚ್ಚು, ಸಕ್ಕರೆ ಕಡಿಮೆ. ಅಂದರೆ ಅದು ಹೆಚ್ಚುಕಡಿಮೆ ಅಕ್ಕಿಯ ಕೆಲಸವನ್ನೇ ಮಾಡಬಲ್ಲದು. ಸಮಸಮ ಅಳತೆಯಲ್ಲಿ ಅಕ್ಕಿ ಮತ್ತು ಸೊಳೆ ಅರೆದು, ಉಪ್ಪು ಹಾಕಿ, ಕಾದ ಕಾವಲಿಯಲ್ಲಿ ತೆಳ್ಳಗೆ ಹರಡಿ, ಅಂಚಿಗೆ ತೆಂಗಿನೆಣ್ಣೆ ಬಿಟ್ಟರೆ ಉದ್ದು ಹಾಕಿದ ದೋಸೆಯನ್ನೂ ನಾಚಿಸುವ ಗರಿ ಬರುತ್ತದೆ. ಹುದುಗಿಸುವ ಗೋಜಿಲ್ಲ. ಬೆಣ್ಣೆ, ಜೇನು, ಕಾಯಿಚಟ್ನಿ, ಯಾವುದಕ್ಕೂ ಸೈ.

ಹಣ್ಣಾಗುತ್ತಿದ್ದಂತೆ ಪಿಷ್ಟ ಸಕ್ಕರೆಗೆ ತಿರುಗುತ್ತದೆ. ಈಗ ಆ ಸೊಳೆಗೆ ಅಂಟಿಸಿ ನಿಲ್ಲಿಸುವ ಶಕ್ತಿ ಕಡಿಮೆ, ಸೀಯುವ ಗುಣ ಜಾಸ್ತಿ. ಹಣ್ಣಿನಲ್ಲಿರುವ ಫ್ರಕ್ಟೋಸ್ ಸಕ್ಕರೆ 110 ಡಿಗ್ರಿಯ ಸುಮಾರಿಗೇ ಕಂದತೊಡಗುತ್ತದೆ. ಚೆನ್ನಾಗಿ ಕಾದ ಕಾವಲಿಯ ಬಿಸಿ ಅದಕ್ಕಿಂತ ಎಷ್ಟೋ ಮೇಲೆ. ಹಾಗಾಗಿ ಹಲಸಿನಹಣ್ಣಿನ ದೋಸೆಯನ್ನು ದೊಡ್ಡ ಉರಿಯಲ್ಲಿ ಹೊಯ್ದರೆ ಹೊರಗೆ ಕರಿ, ಒಳಗೆ ಹಸಿ. ಉರಿ ತಗ್ಗಿಸಿ, ಸ್ವಲ್ಪ ದಪ್ಪಗೆ ಹರಡಿ, ತುಪ್ಪ ಹಾಕಿ, ಮುಚ್ಚಿ, ತಾಳ್ಮೆಯಿಂದ ಕಾಯಬೇಕು. ಒಂದು ಲೋಟ ಅಕ್ಕಿಗೆ ಎರಡು ಲೋಟ ಸೊಳೆ, ನೀರು ಬೇಡವೇ ಬೇಡ, ಉಪ್ಪು ಒಂದು ಚಿಟಿಕೆ. ಗಟ್ಟಿ ಸೊಳೆಯ ಬಕ್ಕೆಗೂ ಮೆತ್ತಗೆ ಜಾರುವ ತುಳುವಕ್ಕೂ ಇಲ್ಲಿ ವ್ಯತ್ಯಾಸವಿದೆ. ಹಾಗೇ ತಿನ್ನಲು ಬಕ್ಕೆಯನ್ನೇ ಹುಡುಕುವವರು ದೋಸೆಗೆ, ಗಟ್ಟಿಗೆ ತುಳುವವೇ ಆಗಬೇಕೆನ್ನುತ್ತಾರೆ. ಅದು ಸಲೀಸಾಗಿ ಅರೆದು ಅಕ್ಕಿಯೊಂದಿಗೆ ಬೆರೆಯುತ್ತದೆ.

ಹಲಸಿನ ಮರ ಒಂದೇ ಸಲಕ್ಕೆ ಎಲ್ಲವನ್ನೂ ಕೊಟ್ಟುಬಿಡುತ್ತದೆ. ಒಂದು ಹಣ್ಣು 30 ಕಿಲೋ ತೂಗುವುದೂ ಉಂಟು. ಮನೆಮಂದಿ ಎಷ್ಟು ತಿಂದರೂ ಮರದ ಬುಡದಲ್ಲಿ ಬಿದ್ದು ಕೊಳೆಯುವುದು ತಪ್ಪುತ್ತಿರಲಿಲ್ಲ. ಪುತ್ತೂರಿನಿಂದ ಬರುವ ‘ಅಡಿಕೆ ಪತ್ರಿಕೆ’ ಮತ್ತು ಅದರ ಸಂಪಾದಕ ಶ್ರೀಪಡ್ರೆ ವರ್ಷಗಳಿಂದ ಹಲಸಿನ ಬಗ್ಗೆ ಪಟ್ಟುಬಿಡದೆ ಬರೆಯುತ್ತ ಬಂದದ್ದು ಈ ನಷ್ಟದ ಕಡೆ ಕಣ್ಣು ತೆರೆಸಲಿಕ್ಕೆ. ಇಂದು ಊರೂರಲ್ಲಿ ಹಲಸಿನ ಮೇಳಗಳಿವೆ, ಕೇರಳ 2018ರಲ್ಲಿ ಅದನ್ನು ರಾಜ್ಯದ ಹಣ್ಣೆಂದು ಘೋಷಿಸಿದೆ. ಮೇಳಗಳಲ್ಲಿ ಐಸ್‌ಕ್ರೀಮು, ಹೋಳಿಗೆ, ಕಬಾಬುಗಳ ನಡುವೆ ದೋಸೆಯ ಕಾವಲಿಯೂ ಇರುತ್ತದೆ.

ಋತು ಮುಗಿದ ಮೇಲೂ ಹಲಸು ಮುಗಿಯುವುದಿಲ್ಲ. ಬಲಿತ ಕಾಯಿಯ ಸೊಳೆಯನ್ನು ಉಪ್ಪಿನೊಂದಿಗೆ ಭರಣಿಗೆ ತುಂಬಿ, ಮೇಲೆ ಭಾರ ಹೇರಿ ಇಟ್ಟರೆ ಅದು ಉಪ್ಪು ಸೊಳೆ. ಆಟಿಯಲ್ಲಿ ತೆಗೆದು, ನೀರು ಬದಲಿಸುತ್ತ ನೆನೆಸಿ ಉಪ್ಪು ಬಿಡಿಸಿ, ಹಿಂಡಿ, ಅಕ್ಕಿಯ ಜೊತೆ ಅರೆದರೆ ರೊಟ್ಟಿಯೂ ಆಗುತ್ತದೆ, ದೋಸೆಯೂ ಆಗುತ್ತದೆ. ಈ ಹಿಟ್ಟಿಗೆ ಮತ್ತೆ ಉಪ್ಪು ಹಾಕುವ ಮೊದಲು ರುಚಿ ನೋಡುವುದು ಕಡ್ಡಾಯ.

ಬೇರೆ ನೆಲದ ಇದೇ ಲೆಕ್ಕ

ನೆಲ ಏನು ಕೊಡುತ್ತದೋ ಅದನ್ನು ತೆಳ್ಳಗೆ ಹೊಯ್ಯುವ ಬುದ್ಧಿ ನಮ್ಮೊಬ್ಬರದಲ್ಲ. ಫ್ರಾನ್ಸಿನ ವಾಯವ್ಯ ಮೂಲೆಯ ಬ್ರಿಟನಿ ಪ್ರದೇಶದ ಗ್ಯಾಲೆಟ್ ನೋಡಿ. ಅಲ್ಲಿನ ಆಮ್ಲೀಯ, ಸಾರವಿಲ್ಲದ ಮಣ್ಣಿನಲ್ಲಿ ಗೋಧಿ ಸೊಗಸಾಗಿ ಬೆಳೆಯದು. ಮೂರೇ ತಿಂಗಳಲ್ಲಿ ಕೈಗೆ ಬರುವ ಬಕ್‌ವೀಟ್ ಬಡವರ ಧಾನ್ಯವಾಯಿತು. ಹೆಸರಿನಲ್ಲಿ ಗೋಧಿ ಇದ್ದರೂ ಅದು ಗೋಧಿಯ ಜಾತಿಯಲ್ಲ, ಅದರಲ್ಲಿ ಗ್ಲುಟೆನ್ ಇಲ್ಲ. ಆ ಹಿಟ್ಟು, ನೀರು, ಉಪ್ಪು ಇಷ್ಟನ್ನೇ ಕಲಸಿ, ಬಿಲಿಗ್ ಎಂಬ ದುಂಡನೆಯ ಕಬ್ಬಿಣದ ಕಾವಲಿಯ ಮೇಲೆ ಮರದ ಕಡ್ಡಿಯಿಂದ ತಿರುಗಿಸಿ ಹರಡುತ್ತಾರೆ. ಗೋಧಿ ಹಿಟ್ಟು, ಹಾಲು, ಮೊಟ್ಟೆಯ ಸಿಹಿ ಕ್ರೇಪ್ ಬೇರೆ. ಫೆಬ್ರವರಿ 2ರ ಶಾಂದಲೂರ್ ಹಬ್ಬಕ್ಕೆ ಫ್ರಾನ್ಸಿನಲ್ಲಿ ಮನೆಮನೆಯಲ್ಲೂ ಕ್ರೇಪ್ ಹೊಯ್ಯುತ್ತಾರೆ. ಕ್ರೇಪ್ ಪ್ಯಾನ್ ಕೊಂಡು ತಂದಿಟ್ಟುಕೊಂಡ ನಮ್ಮೂರಿನ ಯುವಕರು ಅದರಲ್ಲಿ ತೆಳ್ಳೇವು ಹೊಯ್ದು ನೋಡಲಿ, ಎರಡೂ ಎಷ್ಟು ಹತ್ತಿರದವೆಂಬುದು ಕೈಗೇ ತಿಳಿಯುತ್ತದೆ.

ಪೇಟೆಯ ಅಡುಗೆಮನೆಗೆ

ಪೇಟೆಯಲ್ಲಿ ಈ ದೋಸೆಗಳು ಹಿಂದೆ ಬಿದ್ದದ್ದಕ್ಕೆ ಕಾರಣ ಸರಳ. ಪ್ಯಾಕೆಟ್ ಹಿಟ್ಟು ವರ್ಷವಿಡೀ ಒಂದೇ ಥರ ಸಿಗುತ್ತದೆ, ಸೌತೆಯೂ ಕಲ್ಲಂಗಡಿಯೂ ಈಗ ಹನ್ನೆರಡು ತಿಂಗಳು ಬರುತ್ತವೆ. ಯಾವಾಗ ಯಾವುದು ಅಗ್ಗ, ಯಾವುದು ಎಳೆಯದು ಎಂದು ಮಾರುಕಟ್ಟೆಯಲ್ಲಿ ನಿಂತು ನೋಡುವ ಅಭ್ಯಾಸ ತಪ್ಪಿದೆ. ಆದರೆ ಮಾಡುವ ಕೆಲಸದಲ್ಲಿ ಪೇಟೆಯವರಿಗೆ ಅಡ್ಡಿಯಾಗುವಂಥದ್ದು ಏನೂ ಇಲ್ಲ. ನಿಜ ಹೇಳಬೇಕೆಂದರೆ ಕೆಲಸಕ್ಕೆ ಓಡುವವರಿಗೆ ಇದೇ ಅನುಕೂಲದ ದೋಸೆ. ರಾತ್ರಿ ಅಕ್ಕಿ ನೆನೆ ಹಾಕಿದರೆ ಬೆಳಿಗ್ಗೆ ಅರೆದು ಆಗಲೇ ಹೊಯ್ಯಬಹುದು, ಹುಳಿ ಬಂತೇ ಇಲ್ಲವೇ ಎಂಬ ಚಿಂತೆಯಿಲ್ಲ.

ಮಿಕ್ಸಿಯಲ್ಲಿ ಅರೆಯುವವರು ಮೊದಲು ಅಕ್ಕಿಯನ್ನೂ ಆಮೇಲೆ ತರಕಾರಿಯನ್ನೂ ಹಾಕಬೇಕು. ಒಟ್ಟಿಗೆ ಹಾಕಿದರೆ ತರಕಾರಿ ಬೇಗ ನುಣ್ಣಗಾಗಿ ಅಕ್ಕಿಯ ತರಿ ಹಾಗೇ ಉಳಿಯುತ್ತದೆ. ಮಿಕ್ಸಿಯ ಬಿಸಿಗೆ ಹಿಟ್ಟು ಕಾಯದಂತೆ ತಣ್ಣೀರು, ನಡುನಡುವೆ ವಿರಾಮ. ಬೀಡಿನ ಕಾವಲಿ ಇದ್ದರೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಪ್ರತಿ ದೋಸೆಗೂ ಮೊದಲು ಸವರಬೇಕು. ಹಣ್ಣಿನ ದೋಸೆ ಮಾಡುವ ದಿನ ನಾನ್‌ಸ್ಟಿಕ್ ತವಾ ತೆಗೆದರೂ ತಪ್ಪಿಲ್ಲ. ಸಕ್ಕರೆ ಕಾವಲಿಗೆ ಹಿಡಿದುಬಿಟ್ಟರೆ ಬಿಡಿಸುವುದು ಕಷ್ಟ.

ಅಳತೆ ಎಷ್ಟೇ ಬರೆದುಕೊಂಡರೂ ಪ್ರತಿ ಕಾಯಿಯ ನೀರು ಬೇರೆ, ಪ್ರತಿ ಅಕ್ಕಿಯ ಗುಣ ಬೇರೆ. ಮೊದಲ ದೋಸೆ ಪರೀಕ್ಷೆಗೆಂದೇ ಇರುವುದು. ಏಳದೆ ಹರಿದುಹೋದರೆ ಪಿಷ್ಟ ಸಾಲದು, ಎರಡು ಚಮಚ ಅಕ್ಕಿಹಿಟ್ಟು ಕಲಸಿ. ಎದ್ದರೂ ಬಿರುಸಾಗಿದ್ದರೆ ತರಕಾರಿ ಸಾಲದು, ಇನ್ನಷ್ಟು ಅರೆದು ಸೇರಿಸಿ. ಬೇಯುವ ಮೊದಲೇ ಕಂದಿದರೆ ಉರಿ ತಗ್ಗಿಸಿ. ತೂತು ಬೀಳದಿದ್ದರೆ ಹಿಟ್ಟು ದಪ್ಪವಾಗಿದೆ ಅಥವಾ ಕಾವಲಿ ಕಾದಿಲ್ಲ.

ತರಕಾರಿ ಸೇರಿದ ಹಿಟ್ಟನ್ನು ನಾಳೆಗೆ ಇಡುವ ಆಸೆ ಮಾತ್ರ ಬೇಡ. ಮಧ್ಯಾಹ್ನದ ಹೊತ್ತಿಗೇ ನೀರು ಬಿಟ್ಟುಕೊಂಡು ಹುಳಿಯತೊಡಗುತ್ತದೆ. ಸ್ವಲ್ಪ ಉಳಿದಿದ್ದರೆ ಫ್ರಿಜ್ಜಿನಲ್ಲಿಟ್ಟು, ಅಂದೇ ಸಂಜೆ ಈರುಳ್ಳಿ, ಹಸಿಮೆಣಸು, ಕರಿಬೇವು ಹೆಚ್ಚಿ ಹಾಕಿ, ಒಂದು ಹಿಡಿ ಅಕ್ಕಿಹಿಟ್ಟು ಕಲಸಿ ದಪ್ಪಗೆ ಹೊಯ್ದರೆ ಚಹಾದ ಜೊತೆಗಾಯಿತು.